ಇನ್‌ಸ್ಪೆಕ್ಟರ್ ಬಂದರೆ ಹಾಡು ಶುರು: ಮಕ್ಕಳ ಪದ್ಯದ ಪಂಜೆ ಮಂಗೇಶರಾಯರ ಬದುಕು

ಸಮೀರವಾಡಿ: ನಾಗರಹಾವಿನ ಪದ್ಯ ಗೊತ್ತಿಲ್ಲದವರು ನಮ್ಮ ಕಡೆ ಸಿಗೋದು ಕಷ್ಟ. ಕಾರ್ಖಾನಿ ಕಾಲೋನಿಯ ಹುಡುಗರಿಂದ ಹಿಡಿದು ಮಹಾಲಿಂಗಪುರದ ಬಜಾರದಲ್ಲಿ ಗಲ್ಲಾ ಮುಂದೆ ಕುಂತ ಹಿರಿಯರ ತನಕ, ಸಣ್ಣವರಿದ್ದಾಗ ಕೈಯನ್ನು ಹೆಡೆ ಮಾಡಿ ಹಾಡಿದವರೇ ಬಹಳ. ಆದರೆ ಬರೆದವರು ಯಾರು ಅಂತ ಕೇಳಿದರೆ ತಲೆ ಕೆರೆದುಕೊಳ್ಳುವವರೂ ಅಷ್ಟೇ ಮಂದಿ. ಅವರು ಪಂಜೆ ಮಂಗೇಶರಾಯರು. ತೀರಿಕೊಂಡು 80 ವರ್ಷ ಯಾವಾಗಲೋ ದಾಟಿತು, ಹಾಡು ಮಾತ್ರ ಇನ್ನೂ ಅಂಗನವಾಡಿಯಲ್ಲಿ ಕೇಳ್ತದೆ.

ಪಂಜೆಯವರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ನೇತ್ರಾವತಿ ದಂಡೆಯ ಬಂಟ್ವಾಳದಲ್ಲಿ. ಪಂಜ ಅನ್ನೋ ಊರಿನ ಹೆಸರೇ ಮನೆತನಕ್ಕೆ ಬಂತು. ಮನೆಯಲ್ಲಿ ಕೊಂಕಣಿ, ಓಣಿಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ. ಅಂದರೆ ನಾವು ಇವತ್ತು ಹಾಡುವ ಕನ್ನಡ ಪದ್ಯಗಳನ್ನು ಬರೆದವರಿಗೆ ಕನ್ನಡ ಮನೆಮಾತೇ ಅಲ್ಲ! ಕಲಿತ ಭಾಷೆ.

ತಂದೆ ಬೇಗ ತೀರಿಕೊಂಡರು. ಬಡತನ, ಮೇಲೆ ಸಂಸಾರದ ಭಾರ. ಮಕ್ಕಳಿಗೆ ಪಾಠ ಹೇಳಿ ದುಡ್ಡು ಹೊಂದಿಸಿ ತಾವೂ ಓದಿದರು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರ ಕೆಲಸ ಸಿಕ್ಕಿತು. ನೌಕರಿ ಮಾಡುತ್ತಲೇ ಬಿ.ಎ. ಮುಗಿಸಿದರು, ಮಾಸ್ತರಿಕೆಯ ಎಲ್.ಟಿ. ಕೂಡ ಪಾಸಾದರು. ಆಮೇಲೆ ಶಾಲೆಗಳ ಇನ್‌ಸ್ಪೆಕ್ಟರ್ ಆದರು. ಇಲ್ಲಿಂದಲೇ ಅವರ ನಿಜವಾದ ಕಸುಬು ಶುರುವಾಯಿತು ನೋಡ್ರಿ.

ಕೆಲಸಕ್ಕೆ ಹೆಸರೇ ಇರಲಿಲ್ಲ

ಮಕ್ಕಳಿಗೆ ಹಾಡು ಕಟ್ಟಿ ಕಲಿಸುವುದು ಅನ್ನೋ ನೌಕರಿ ಆ ಕಾಲದಲ್ಲಿ ಇರಲೇ ಇಲ್ಲ. ಅದಕ್ಕೆ ಪಗಾರವೂ ಇಲ್ಲ, ಹುದ್ದೆಯೂ ಇಲ್ಲ. ಪಂಜೆಯವರು ಇನ್‌ಸ್ಪೆಕ್ಟರ್ ಕೆಲಸದ ಒಳಗೇ ಅದನ್ನು ಮಾಡಿಕೊಂಡರು. ಆಗ ಇನ್‌ಸ್ಪೆಕ್ಟರ್ ಬರ್ತಾರೆ ಅಂದರೆ ಮಕ್ಕಳಿಗಿಂತ ಮೊದಲು ಮಾಸ್ತರರೇ ನಡುಗೋರು. ಇವರು ಹೋದ ಕಡೆ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಕಥೆ ಹೇಳೋರು, ಹಾಡೋರು, ಅಭಿನಯ ಮಾಡಿ ತೋರಿಸೋರು. ಮಾಸ್ತರರಿಗೂ ಹಂಗೇ ಕಲಿಸಿರಿ ಅಂತ ದಾರಿ ತೋರಿಸೋರು. ಮುಂದೆ ಶಿಕ್ಷಕರ ತರಬೇತಿ ಶಾಲೆಯಲ್ಲೂ ಪಾಠ ಮಾಡಿದರು. ಒಬ್ಬ ಮಾಸ್ತರ ಕಲಿತರೆ ಒಂದು ಶಾಲೆಯೇ ಹಾಡ್ತದೆ, ಹಾಡು ಊರೂರಿಗೆ ಹಬ್ಬಿದ್ದಕ್ಕೆ ಇದೂ ಒಂದು ಕಾರಣ.

ಅದಕ್ಕಿಂತ ಮುಂಚೆ ಸಣ್ಣ ಮಕ್ಕಳ ಪಾಲಿಗೆ ಇದ್ದದ್ದು ಹೆಚ್ಚಾಗಿ ನೀತಿ ಪದ್ಯ, ಹಳೆಯ ಕಾವ್ಯದ ತುಂಡುಗಳು. ಅರ್ಥ ಆಗಲಿ ಬಿಡಲಿ ಬಾಯಿಪಾಠ. ಪಂಜೆಯವರ ಪದ್ಯ ಬೇರೆ. ಸಣ್ಣ ಸಣ್ಣ ಮಾತು, ತಾಳಕ್ಕೆ ಕೂಡುವ ಸಾಲು, ತಿರುಗಿ ತಿರುಗಿ ಬರುವ ಪ್ರಾಸ, ಕೈಕಾಲಿಗೂ ಕೆಲಸ. ಹಾವಿನ ಹಾಡಿನಲ್ಲಿ ಮಗು ಹಾವನ್ನು ಹೊಡೆಯೋದಿಲ್ಲ, ಮರ್ಯಾದೆಯಿಂದ ಮಾತಾಡಿಸ್ತದೆ, ಹಾಲು ಕೊಡ್ತೀನಿ ಅಂತದೆ. ತೆಂಕಣ ಗಾಳಿಯಾಟದಲ್ಲಿ ಸಮುದ್ರದ ಕಡೆಯಿಂದ ನುಗ್ಗುವ ಗಾಳಿಯ ಸಪ್ಪಳ ಪದಗಳಲ್ಲೇ ಕೇಳಿಸ್ತದೆ. ಗಾಳಿ ಅಂದರೇನು ಅಂತ ಬೇರೆ ಪಾಠ ಬೇಕಾಗಿಲ್ಲ.

ಇಂಗ್ಲಿಷ್ ಪದ್ಯಗಳನ್ನೂ ಅವರು ಓದಿದ್ದರು.  ಕುವೆಂಪು ಅವರ ಕಿಂದರಿಜೋಗಿಯ ಮೂಲ, ಊದಿ ಊದಿ ಇಲಿಗಳನ್ನು ಕರೆದೊಯ್ಯುವ ಬ್ರೌನಿಂಗ್ ಕವಿಯ ಕಥೆ. ಒಡ್ಡನ ಓಟ, ಕೊಕ್ಕೋ ಕೋಳಿ, ಗುಡುಗುಡು ಗುಮ್ಮಟ ದೇವರು ಇಂಥ ಮಕ್ಕಳ ಕಥೆಗಳೂ ಅವರವೇ. ಪದ್ಯಕ್ಕೆ ಕವಿಶಿಷ್ಯ ಅಂತ ಹೆಸರು ಹಾಕಿಕೊಳ್ಳುತ್ತಿದ್ದರು. ತಾನು ಕವಿಯಲ್ಲ, ಕವಿಗಳ ಶಿಷ್ಯ ಅನ್ನೋ ವಿನಯ ಅದು.

ಒಬ್ಬರಿಂದ ಆಗೋ ಕೆಲಸ ಇದಲ್ಲ ಅಂತ ಅವರಿಗೆ ತಿಳಿದಿತ್ತು. ಮಂಗಳೂರಿನ ಗೆಳೆಯರನ್ನು ಕೂಡಿಸಿಕೊಂಡು ಬಾಲ ಸಾಹಿತ್ಯ ಮಂಡಲ ಕಟ್ಟಿ, ಮಕ್ಕಳಿಗಾಗಿಯೇ ಪುಸ್ತಕ ಹೊರಡಿಸಿದರು.

ಮಡಿಕೇರಿ, ರಾಯಚೂರು

ಮುಂದೆ ಕೊಡಗಿಗೆ ಹೋಗಿ ಮಡಿಕೇರಿ ಸೆಂಟ್ರಲ್ ಹೈಸ್ಕೂಲಿನ ಹೆಡ್‌ಮಾಸ್ತರರಾದರು. ಅಲ್ಲಿನ ಸುಗ್ಗಿ ಹಬ್ಬದ ಮೇಲೆ ಹುತ್ತರಿ ಹಾಡು ಬರೆದರು. ಹೊರಗಿನಿಂದ ಬಂದವರು ಬರೆದ ಹಾಡನ್ನು ಕೊಡಗಿನ ಮಂದಿ ತಮ್ಮ ನಾಡಿನ ಹಾಡು ಅಂತಲೇ ಒಪ್ಪಿಕೊಂಡರು.

1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಕರೆಸಿದರು. ಆಗ ರಾಯಚೂರು ನಿಜಾಮರ ಕೈಯಲ್ಲಿ, ಮಂಗಳೂರು ಮದ್ರಾಸಿನ ಕೆಳಗೆ, ನಮ್ಮ ಮುಧೋಳ ಮತ್ತು ಜಮಖಂಡಿಗಳು ಸಂಸ್ಥಾನಗಳು. ಕನ್ನಡ ಮಂದಿ ಹೀಗೆ ಹರಿದು ಹಂಚಿಹೋದ ಕಾಲದಲ್ಲಿ ಮಕ್ಕಳ ಪದ್ಯ ಬರೆದವರಿಗೆ ಅಂಥ ದೊಡ್ಡ ಕುರ್ಚಿ ಸಿಕ್ಕಿತು. ಮೂರೇ ವರ್ಷಕ್ಕೆ, 1937ರಲ್ಲಿ ತೀರಿಕೊಂಡರು. ಕರ್ನಾಟಕ ಒಂದಾಗಿದ್ದು 1956ರಲ್ಲಿ, ಅದನ್ನು ಅವರು ನೋಡಲಿಲ್ಲ.

ನಮ್ಮೂರಿಗೆ ಯಾಕೆ ಬೇಕು?

ಹಂಗಾಮು ಶುರುವಾದರೆ ನಮ್ಮ ಕಡೆ ಕಬ್ಬು ಕಡಿಯೋ ಗ್ಯಾಂಗ್‌ಗಳು ಮಕ್ಕಳುಮರಿ ಕಟ್ಟಿಕೊಂಡು ಬರ್ತಾವೆ. ಒಂದು ಮನೆಯಲ್ಲಿ ಮರಾಠಿ, ಇನ್ನೊಂದರಲ್ಲಿ ಲಂಬಾಣಿ, ಮತ್ತೊಂದರಲ್ಲಿ ಹಿಂದಿ. ಇಂಥ ಮಗುವಿಗೆ ಮೊದಲ ದಿನವೇ ಅಕ್ಷರ ತಿದ್ದಿಸಿದರೆ ಅದು ಮೂಲೆ ಹಿಡೀತದೆ. ಹಾಡಿಗೆ ಕೈ ತಟ್ಟೋದಕ್ಕೆ ಭಾಷೆ ಬರಬೇಕಂತಿಲ್ಲ. ಕೈ ಮೊದಲು ಕಲೀತದೆ, ಮಾತು ಹಿಂದೆ ಬರ್ತದೆ. ಕೊಂಕಣಿ ಮನೆಯ ಪಂಜೆಯವರಿಗೆ ಇದು ಸ್ವಂತ ಅನುಭವದಿಂದಲೇ ತಿಳಿದಿದ್ದರೆ ಆಶ್ಚರ್ಯವಿಲ್ಲ.

ಆದರೂ ಹಾಡು ಕಲಿಸುವವರನ್ನು ಟೈಂಪಾಸ್ ಮಾಡ್ತಾರೆ ಅನ್ನೋರು ಈಗಲೂ ಇದ್ದಾರೆ. ಅಂಗನವಾಡಿ ಅಕ್ಕನವರು ಮಕ್ಕಳನ್ನು ಕುಣಿಸಿದರೆ, ಅಕ್ಷರ ಯಾವಾಗ ಕಲಿಸ್ತೀರಿ ಅಂತ ಕೇಳುವ ಪಾಲಕರೂ ಇದ್ದಾರೆ. ಅಕ್ಕನವರು ಮಾಡ್ತಿರೋದೇ ಕಲಿಕೆ. ನೂರು ವರ್ಷದ ಹಿಂದೆ ಒಬ್ಬ ಇನ್‌ಸ್ಪೆಕ್ಟರ್ ಅದಕ್ಕೇ ತಮ್ಮ ಆಯುಷ್ಯ ಕೊಟ್ಟರು.

ಅಂಗಡಿಕಾರರಿಗೂ ಒಂದು ಮಾತು. ಬರೆದವರು ತೀರಿಕೊಂಡು 60 ವರ್ಷ ಆದ ಮೇಲೆ ಹಕ್ಕುಸ್ವಾಮ್ಯ ಮುಗೀತದೆ. ಪಂಜೆಯವರು ಇದ್ದಾಗಲೇ ಅಚ್ಚಾದ ಪದ್ಯಗಳು ಈಗ ಎಲ್ಲರವು. ಹಾಡಲಿಕ್ಕೆ, ಅಚ್ಚು ಹಾಕಿಸಲಿಕ್ಕೆ ಯಾರ ಪರವಾನಿಗಿಯೂ ಬೇಡ, ರೊಕ್ಕವೂ ಬೇಡ. ಹೊಸ ವರ್ಷಕ್ಕೆ ಗಿರಾಕಿಗಳಿಗೆ ಕ್ಯಾಲೆಂಡರ್ ಹಂಚುವವರು ಅದರ ಒಂದು ಹಾಳೆಗೆ ಅವರ ಪದ್ಯ ಹಾಕಿಸಬಹುದು. ಕೆಳಗೆ ಅವರ ಹೆಸರು ಮಾತ್ರ ಮರೀಬೇಡ್ರಿ.