ಕ್ಯಾಥರೀನ್ ಬ್ಲಾಡ್ಜೆಟ್: ಕಣ್ಣಿಗೆ ಕಾಣದ ಪದರಗಳ ವಿಜ್ಞಾನಿ

ಮಳೆ ನಿಂತ ಮೇಲೆ ಹುಬ್ಬಳ್ಳಿಯ ರಸ್ತೆಗಳಲ್ಲಿ ನಿಂತ ನೀರಿನ ಮೇಲೆ ಎಣ್ಣೆ ಹರಡಿ ಬಣ್ಣ ಮೂಡುವುದನ್ನು ನಾವೆಲ್ಲ ನೋಡಿದ್ದೇವೆ. ಅಂಥ ತೆಳುಪದರಗಳನ್ನು ಒಂದರ ಮೇಲೊಂದು ಜೋಡಿಸಿದವರು ಕ್ಯಾಥರೀನ್ ಬ್ಲಾಡ್ಜೆಟ್.

1898ರಲ್ಲಿ ಅಮೆರಿಕದ ಸ್ಕೆನೆಕ್ಟಡಿಯಲ್ಲಿ ಜನಿಸಿದರು. ಅವರು ಹುಟ್ಟುವ ಮೊದಲೇ ತಂದೆ ಕಳ್ಳನ ಗುಂಡಿಗೆ ಬಲಿಯಾಗಿದ್ದರು. ಛಲದಿಂದ ಓದಿ, ತಂದೆ ದುಡಿದಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ ಇರ್ವಿಂಗ್ ಲ್ಯಾಂಗ್ಮ್ಯೂರ್ ಅವರ ಸಹಾಯಕರಾದರು. 1926ರಲ್ಲಿ ಕೇಂಬ್ರಿಜ್‌ನಿಂದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆಯಾದರು.

ನೀರಿನ ಮೇಲೆ ಸ್ಟಿಯರಿಕ್ ಆಮ್ಲ ಹರಡಿದರೆ ಅದರ ಅಣುಗಳು ತಾವಾಗಿಯೇ ಸಾಲುಗಟ್ಟುತ್ತವೆ: ತಲೆ ನೀರಿನಲ್ಲಿ, ಬಾಲ ಮೇಲೆ. ಬೇರಿಯಂ ಲವಣ ಬೆರೆಸಿದ ಅಂಥ ನೀರಿನಲ್ಲಿ ಗಾಜನ್ನು ಮುಳುಗಿಸಿ ಎತ್ತಿದಂತೆಲ್ಲ ಒಂದೊಂದು ಅಣು ದಪ್ಪದ ಪದರ ಅಂಟುತ್ತದೆ. ಹೀಗೆ 44 ಪದರ ಕೂರಿಸಿ, 1938ರಲ್ಲಿ ಬೆಳಕನ್ನು ಪ್ರತಿಫಲಿಸದ ಗಾಜನ್ನು ಜಗತ್ತಿಗೆ ತೋರಿಸಿದರು. ಲೇಪದ ಮೇಲಿನಿಂದಲೂ ಅಡಿಯಿಂದಲೂ ಮರಳುವ ಬೆಳಕಿನ ಅಲೆಗಳು ಒಂದನ್ನೊಂದು ರದ್ದುಗೊಳಿಸುತ್ತಿದ್ದವು.

ಆ ಲೇಪ ಒರೆಸಿದರೆ ಹೋಗುತ್ತಿತ್ತು. ಗಟ್ಟಿ ಲೇಪವನ್ನು ಬೇರೆಯವರು ತಯಾರಿಸಿದರು. ಆದರೆ ಪದರ ಕಟ್ಟುವ ದಾರಿ ಉಳಿಯಿತು. ಇಂದು ಧನ, ಋಣ ವಿದ್ಯುದಂಶದ ಪಾಲಿಮರ್ ದ್ರಾವಣಗಳಲ್ಲಿ ಗಾಜನ್ನು ಸರದಿಯಂತೆ ಅದ್ದಿ ಪದರ ಬೆಳೆಸುತ್ತಾರೆ.

1979ರಲ್ಲಿ ಬ್ಲಾಡ್ಜೆಟ್ ನಿಧನರಾದರು. ಗೆಳೆಯರೇ, ಪ್ರಯೋಗ ಅಪೂರ್ಣವಾದರೂ ವ್ಯರ್ಥವಲ್ಲ. ಮುಂದಿನ ಪದರ ಇನ್ನೊಬ್ಬರದು.