ನೀರು ಕೊಟ್ಟರು, ಅಧಿಕಾರ ಹಂಚಿದರು: ಮರ್ಹೂಮ್ ಅಬ್ದುಲ್ ನಜೀರ್ ಸಾಬ್



ಬದನಗುಪ್ಪೆಯಲ್ಲಾಗಲಿ, ಗುಂಡ್ಲುಪೇಟೆಯಲ್ಲಾಗಲಿ ಅರವತ್ತು ದಾಟಿದ ಹಿರಿಯರೊಬ್ಬರನ್ನು 'ನೀರ್ ಸಾಬ್' ಯಾರೆಂದು ಕೇಳಿ ನೋಡಿ. ಅವರು ಯಾವ ಜಾತಿ, ಯಾವ ಧರ್ಮದವರೇ ಆಗಿರಲಿ, ಅಬ್ದುಲ್ ನಜೀರ್ ಸಾಬ್ ಅವರ ಹೆಸರನ್ನು ಗೌರವದಿಂದಲೇ ಹೇಳುತ್ತಾರೆ. ಆ ಗೌರವ ಹೇಗೆ ಬಂತೆಂಬುದನ್ನು ನೀವು ತಿಳಿಯಬೇಕು.

ನಜೀರ್ ಸಾಬ್ ಗುಂಡ್ಲುಪೇಟೆಯವರು. ಆಗ ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳು ಮೈಸೂರು ಜಿಲ್ಲೆಯಲ್ಲಿದ್ದವು. ಚಾಮರಾಜನಗರ ಜಿಲ್ಲೆ ಆದದ್ದು 1997ರಲ್ಲಿ. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ, ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯ ಹೊಣೆ ಹೊತ್ತರು.

ಅದು ಬರಗಾಲದ ಕಾಲ. ಬೇಸಿಗೆ ಬಂದರೆ ಹೆಣ್ಣುಮಕ್ಕಳು ಕೊಡ ಹೊತ್ತು ಮೈಲಿಗಟ್ಟಲೆ ನಡೆಯಬೇಕಿತ್ತು. ಸಚಿವರು ಊರೂರಿಗೆ ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿಸುವ ಕೆಲಸಕ್ಕೆ ಕೈಹಾಕಿದರು. ಪಂಪಿನಲ್ಲಿ ನೀರು ಬಂದಾಗ ಜನರೇ ಅವರಿಗೆ ನೀರ್ ಸಾಬ್ ಎಂದು ಹೆಸರಿಟ್ಟರು. ಬಾಯಾರಿದವರಿಗೆ ನೀರು ಕೊಡುವುದು, ಬಾವಿ ತೋಡಿಸುವುದು ನಮ್ಮ ದೀನ್‌ನಲ್ಲಿ ಸದಖಾ ಜಾರಿಯಾ, ಅಂದರೆ ಸತ್ತ ಮೇಲೂ ಪುಣ್ಯ ಹರಿದುಬರುವ ದಾನ. ಆ ನೀರು ಕುಡಿದವರ ಧರ್ಮವನ್ನು ಯಾರೂ ಕೇಳಲಿಲ್ಲ.

ಆದರೆ ಅವರ ದೊಡ್ಡ ಕೆಲಸ ಇನ್ನೊಂದಿದೆ. ನೀರಿಗಾಗಲಿ, ಶಾಲೆಗಾಗಲಿ ಹಳ್ಳಿಯ ಜನ ಬೆಂಗಳೂರಿನ ಕಡೆ ಕೈಚಾಚಿ ನಿಲ್ಲಬಾರದು, ತಮ್ಮ ಊರಿನ ತೀರ್ಮಾನ ತಾವೇ ಮಾಡಬೇಕು ಎಂಬುದು ಅವರ ಆಶಯ. ಅದಕ್ಕಾಗಿ 1983ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಕಾನೂನು ತಂದರು. ಅಧಿಕಾರ ಕೈಬಿಟ್ಟು ಹೋಗುವುದನ್ನು ಶಾಸಕರೂ ಅಧಿಕಾರಿಗಳೂ ಸುಲಭವಾಗಿ ಒಪ್ಪುವವರಲ್ಲ. ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿದ್ದು 1985ರಲ್ಲಿ. ನಜೀರ್ ಸಾಬ್ ಬೇಸರಿಸಲಿಲ್ಲ, ಬೀದಿ ಜಗಳಕ್ಕೂ ಇಳಿಯಲಿಲ್ಲ. ಸದನದಲ್ಲಿ, ಸಭೆಗಳಲ್ಲಿ ತಾಳ್ಮೆಯಿಂದ ವಾದಿಸಿ ಪಟ್ಟು ಹಿಡಿದರು.

1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆಗೆ ಒಂದು ಮಂಡಲ ಬಂತು. ಮಹಿಳೆಯರಿಗೆ ಶೇ. 25, ಪರಿಶಿಷ್ಟ ಜಾತಿ, ಪಂಗಡಗಳಿಗೆ ಕನಿಷ್ಠ ಶೇ. 18 ಸ್ಥಾನ ಮೀಸಲಾಯಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯಾದರು. ಊರ ಜನರೆಲ್ಲ ಕೂತು ಲೆಕ್ಕ ಕೇಳುವ ಗ್ರಾಮ ಸಭೆಗೂ ಕಾನೂನಿನ ಬಲ ಬಂತು. ಸಮಾಲೋಚಿಸಿ ನಡೆಯಿರಿ ಎಂದು ಕುರ್‌ಆನ್ ಕಲಿಸುವ 'ಶೂರಾ'ದ ತತ್ವವನ್ನು ಬಲ್ಲ ನಮಗೆ ಇದು ಪರಕೀಯವಾದ ಮಾತೇನಲ್ಲ.

1988ರ ಅಕ್ಟೋಬರ್‌ನಲ್ಲಿ ನಜೀರ್ ಸಾಬ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಆದರೆ ಅವರು ತೋರಿದ ದಾರಿ ಮುಚ್ಚಲಿಲ್ಲ. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾಗಿ, ಇಡೀ ದೇಶದಲ್ಲಿ ಪಂಚಾಯತಿಗಳಿಗೆ ಭದ್ರ ಬುನಾದಿ ಬಿತ್ತು. ಕರ್ನಾಟಕದ ಅನುಭವ ಅದಕ್ಕೆ ದೊಡ್ಡ ಮಾದರಿಯಾಗಿತ್ತು. ಪಂಚಾಯತಿ ಸದಸ್ಯರಿಗೆ ತರಬೇತಿ ಕೊಡುವ ಮೈಸೂರಿನ ರಾಜ್ಯ ಸಂಸ್ಥೆಗೆ ಇಂದು ಅವರದೇ ಹೆಸರು.

ಮಿತ್ರರೇ, ಈಗ ನಮ್ಮ ವಿಷಯಕ್ಕೆ ಬನ್ನಿ. ರಾಜಕೀಯದಲ್ಲಿ ನಮ್ಮವರಿಗೆ ಜಾಗವಿಲ್ಲ ಎಂದು ನಿರಾಶೆಯಿಂದ ಮನೆಯಲ್ಲಿ ಕೂರುವುದು ಸುಲಭ. ಧರ್ಮದ ಹೆಸರಿನಲ್ಲಿ ಸಿಟ್ಟು ಎಬ್ಬಿಸುವವರ ಹಿಂದೆ ಹೋಗುವುದು ಇನ್ನೂ ಸುಲಭ. ನಜೀರ್ ಸಾಬ್ ಮೂರನೆಯ ದಾರಿ ಹಿಡಿದರು. ತಮ್ಮ ಈಮಾನ್ ಬಿಡದೆ, ಎಲ್ಲರಿಗೂ ಬೇಕಾದ ಕೆಲಸವನ್ನು ಕಾನೂನಿನ ಮೂಲಕ ಮಾಡಿ ತೋರಿಸಿದರು. ಅನ್ಯಾಯವನ್ನು ಎದುರಿಸಲು ಇದಕ್ಕಿಂತ ಗಟ್ಟಿಯಾದ ರೀತಿ ಇನ್ನೊಂದಿಲ್ಲ.

ಅವರು ಕಟ್ಟಿದ್ದು ತಾನಾಗಿಯೇ ಉಳಿಯುವುದಿಲ್ಲ ಎಂಬುದನ್ನೂ ನೆನಪಿಡಿ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆದ್ದರಿಂದ ಹದಿನೆಂಟು ತುಂಬಿದ ಕೂಡಲೇ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿ. ನಿಮ್ಮ ಊರಿನ ಗ್ರಾಮ ಸಭೆಗೆ ಹೋಗಿ. ತಾಯಂದಿರನ್ನೂ ಅಕ್ಕತಂಗಿಯರನ್ನೂ ಕರೆದುಕೊಂಡು ಹೋಗಿ. ನೆರೆಯವರ ಬೀದಿಯ ನೀರಿಗೂ ನೀವೇ ದನಿ ಎತ್ತಿ.

ಅಲ್ಲಾಹನು ಮರ್ಹೂಮರಿಗೆ ಮಗ್ಫಿರತ್ ನೀಡಲಿ, ನಮಗೆ ಅವರ ತಾಳ್ಮೆಯನ್ನು ಕರುಣಿಸಲಿ. ಆಮೀನ್.