ಅನಿಕೇತನದ ಕವಿಯ ಮನೆ

ಕನ್ನಡದ ಕವಿಗಳಲ್ಲಿ ತಾವು ಬೆಳೆದ ಮನೆಯನ್ನು ಕುವೆಂಪು ಅವರಷ್ಟು ಪ್ರೀತಿಯಿಂದ ನೆನೆದವರು ವಿರಳ. ಮನೆಯೆಂಬ ಕಟ್ಟನ್ನು ದಾಟಿ ನಡೆಯಬೇಕೆಂದು ಚೇತನಕ್ಕೆ ಹೇಳಿದವರೂ ಅವರೇ. ‘ಅನಿಕೇತನ’ವೆಂಬ ಅವರ ಕವಿತೆಯ ಹೆಸರಿಗೆ ಮನೆಯಿಲ್ಲದವನು ಎಂದೇ ಅರ್ಥ. ಅಂಥವರ ಮನೆಯನ್ನು ಇಂದು ನಾವು ಜೋಪಾನವಾಗಿ ಕಾಪಾಡಿ, ಚೀಟಿ ಹರಿದುಕೊಟ್ಟು ಜನರನ್ನು ಒಳಗೆ ಬಿಡುತ್ತಿದ್ದೇವೆ. ಈ ಎರಡು ಸಂಗತಿಗಳ ನಡುವಣ ತೊಡಕು ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಅದನ್ನು ಬಿಡಿಸಬೇಕಾದರೆ ಅವರ ಬಾಳನ್ನು ಅವರು ಇದ್ದ ಮನೆಗಳ ದಾರಿಯಿಂದಲೇ ನೋಡಬೇಕೆಂದು ತೋರುತ್ತದೆ.

ಪುಟ್ಟಪ್ಪನವರು ಹುಟ್ಟಿದ್ದು 1904ನೆಯ ಇಸವಿ ಡಿಸೆಂಬರ್ 29ರಂದು, ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಅದು ನಮ್ಮ ಕೊಪ್ಪ ತಾಲ್ಲೂಕಿನ ಊರು; ಆಗ ಕಡೂರು ಜಿಲ್ಲೆಗೆ ಸೇರಿತ್ತು, ಈಗ ಚಿಕ್ಕಮಗಳೂರು ಜಿಲ್ಲೆಗೆ ಸೇರಿದೆ. ಈ ಕಾರಣದಿಂದ ಕೊಪ್ಪ ಶೃಂಗೇರಿ ಸೀಮೆಯ ನಾವು ಅವರನ್ನು ನಮ್ಮ ಕಡೆಯ ಮಗುವೆಂದು ಹೇಳಿಕೊಳ್ಳುವುದುಂಟು. ತೀರ್ಥಹಳ್ಳಿಯವರು ಕೇಳಿ ನಕ್ಕು ಸುಮ್ಮನಾಗುತ್ತಾರೆ. ಅವರು ನಗುವುದರಲ್ಲಿ ನ್ಯಾಯವಿದೆ. ಹೆರಿಗೆಗೆಂದು ತವರಿಗೆ ಬಂದಿದ್ದ ಸೀತಮ್ಮನವರು ಮಗುವಿನೊಡನೆ ಗಂಡನ ಮನೆಗೆ ಮರಳಿದರು. ವೆಂಕಟಪ್ಪ ಗೌಡರ ಆ ಮನೆ ಇದ್ದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಹುಟ್ಟು ನಮ್ಮದಾದರೂ ಬೆಳವಣಿಗೆ ಅವರದು.

ಬಯಲುಸೀಮೆಯ ಓದುಗರಿಗೆ ಒಂದು ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ಮಲೆನಾಡಿನಲ್ಲಿ ಊರೆಂದರೆ ಎಷ್ಟೋ ವೇಳೆ ಒಂದೇ ಮನೆ. ಸುತ್ತ ಕಾಡು, ಕೆಳಗೆ ಗದ್ದೆ, ಮಗ್ಗುಲಲ್ಲಿ ಅಡಕೆಯ ತೋಟ, ನಡುವೆ ಒಂದು ದೊಡ್ಡ ಮನೆ. ಆ ಮನೆಯೊಳಗೆ ಅಣ್ಣತಮ್ಮಂದಿರ ಸಂಸಾರಗಳು, ವಿಧವೆಯರಾದ ಅತ್ತೆಯರು, ಬಂದುಹೋಗುವ ನೆಂಟರು, ಆಳುಕಾಳು, ದನಕರು, ಬೇಟೆಯ ನಾಯಿ. ಕುಪ್ಪಳಿಯ ಮನೆ ಅಂಥದು. ಮೂರು ಅಂತಸ್ತು, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ತೊಟ್ಟಿಯ ಸುತ್ತ ಜಗಲಿ, ಜಗಲಿಯ ಮೇಲೆ ಕೆತ್ತನೆಯ ಮುಂಡಿಗೆಗಳು. ಹಿಂದೆ ಏರುತ್ತ ಹೋದರೆ ಕಾಡಿನ ನೆತ್ತಿಯಲ್ಲಿ ಹಾಸುಬಂಡೆ. ಅದಕ್ಕೆ ಕವಿಶೈಲವೆಂದು ಅವರೇ ಆಮೇಲೆ ಹೆಸರಿಟ್ಟರು. ಹುಡುಗನಿಗೆ ಮೊದಲ ಅಕ್ಷರ ಕಲಿಸಲು ದಕ್ಷಿಣ ಕನ್ನಡದಿಂದ ಬಂದ ಐಗಳೊಬ್ಬರನ್ನು ಮನೆಯಲ್ಲಿಯೇ ಇರಿಸಿಕೊಂಡಿದ್ದರು. ಅನಂತರ ತೀರ್ಥಹಳ್ಳಿಯ ಶಾಲೆ. ಹನ್ನೆರಡನೆಯ ವಯಸ್ಸಿಗೆ ತಂದೆ ತೀರಿಕೊಂಡರು. ಆ ವಯಸ್ಸಿನಲ್ಲಿ ತಂದೆಯಿಲ್ಲದ ಹುಡುಗ ಗದ್ದೆ ತೋಟಗಳ ಲೆಕ್ಕಕ್ಕೆ ನಿಂತುಬಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಓದಿನ ಬೆನ್ನುಹತ್ತಿ ಮೈಸೂರಿಗೆ ಹೋದ.

ಮೈಸೂರಿನಲ್ಲಿ ವೆಸ್ಲಿಯನ್ ಹೈಸ್ಕೂಲು, ಅನಂತರ ಮಹಾರಾಜಾ ಕಾಲೇಜು. 1922ರಲ್ಲಿ ಹೊರಬಂದ ಮೊದಲ ಪುಸ್ತಕ ಇಂಗ್ಲಿಷ್ ಕವಿತೆಗಳದು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ತಾಯ್ನುಡಿಯಲ್ಲಿ ಬರೆಯುವಂತೆ ಬುದ್ಧಿ ಹೇಳಿದ ಕಥೆ ಎಲ್ಲರಿಗೂ ಗೊತ್ತು, ಅದನ್ನು ಬೆಳೆಸುವುದಿಲ್ಲ. ನನಗೆ ಇಲ್ಲಿ ಮುಖ್ಯವಾದದ್ದು ವಾಸದ ವಿಚಾರ. 1926ರಲ್ಲಿ, ಆರೋಗ್ಯ ಕೆಟ್ಟಿದ್ದ ಈ ವಿದ್ಯಾರ್ಥಿಯನ್ನು ಸ್ವಾಮಿ ಸಿದ್ಧೇಶ್ವರಾನಂದರು ಶ್ರೀರಾಮಕೃಷ್ಣಾಶ್ರಮಕ್ಕೆ ಕರೆದುಕೊಂಡು ಹೋಗಿ ಇರಿಸಿಕೊಂಡರು. ಸುಮಾರು ಹತ್ತು ವರ್ಷ ಅದೇ ಅವರ ಮನೆ. 1929ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದ ಮೇಲೆಯೂ ಅವರು ಆಶ್ರಮವನ್ನು ಬಿಡಲಿಲ್ಲ.

‘ಮಲೆನಾಡಿನ ಚಿತ್ರಗಳು’ 1933ರಲ್ಲಿ ಬಂತು. ‘ಕಾನೂರು ಹೆಗ್ಗಡಿತಿ’ 1936ರಲ್ಲಿ. ಜಗಲಿ, ಉಪ್ಪರಿಗೆ, ಬಚ್ಚಲ ಹಂಡೆ, ಕಣಜ, ಕತ್ತಲೆಯ ಒಳಕೋಣೆ ಇವುಗಳಿಂದ ತುಂಬಿದ ಈ ಪುಸ್ತಕಗಳು ಬಂದದ್ದು ಅವರು ಸ್ವಂತ ಮನೆಯಿಲ್ಲದೆ ಸಂನ್ಯಾಸಿಗಳ ನಡುವೆ ಬ್ರಹ್ಮಚಾರಿಯಂತೆ ಇದ್ದ ಕಾಲದಲ್ಲಿ ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. ಮನೆಯೊಳಗೇ ಇದ್ದವನಿಗೆ ಮುಂಡಿಗೆ ಕಾಣುವುದಿಲ್ಲ, ಒರಗಿ ಕೂರುವುದಕ್ಕೆ ಅದೊಂದು ಆಸರೆ ಅಷ್ಟೆ. ಕುಪ್ಪಳಿಯ ಮನೆಯ ಜೀರ್ಣೋದ್ಧಾರವನ್ನು ಮೊದಲು ಮಾಡಿದವರು ಕುವೆಂಪು ಅವರೇ ಎಂದು ನಾನು ತರಗತಿಯಲ್ಲಿ ಹೇಳುತ್ತೇನೆ. ಅದನ್ನು ಅವರು ಕಾಗದದ ಮೇಲೆ ಮಾಡಿದರು.

1936ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ವರ್ಗವಾಯಿತು. ಮರುವರ್ಷ ಏಪ್ರಿಲ್ 30ರಂದು ಹೇಮಾವತಿಯವರನ್ನು ಮದುವೆಯಾದರು. ಮತ್ತೆ ಮೈಸೂರು, ಒಂಟಿಕೊಪ್ಪಲಿನಲ್ಲಿ ‘ಉದಯರವಿ’ ಎಂಬ ಮನೆ, ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ ಎಂಬ ನಾಲ್ವರು ಮಕ್ಕಳು. ‘ಶ್ರೀ ರಾಮಾಯಣ ದರ್ಶನಂ’ ಪ್ರಕಟವಾದದ್ದು 1949ರಲ್ಲಿ. ಅನಂತರದ ಗೌರವಗಳನ್ನು ಶಾಲೆಯ ಮಕ್ಕಳೂ ಬಲ್ಲರು: 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಪದವಿ, 1964ರಲ್ಲಿ ರಾಷ್ಟ್ರಕವಿಯೆಂಬ ಬಿರುದು, 1967ರ ಸಾಲಿನ ಜ್ಞಾನಪೀಠ, 1992ರಲ್ಲಿ ಕರ್ನಾಟಕ ರತ್ನ. ವಿಶ್ವವಿದ್ಯಾನಿಲಯದ ಹೊಸ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟು ಕಟ್ಟಿಸಿದ್ದು ಅವರ ಕುಲಪತಿತನದ ಕಾಲದ ಕೆಲಸ. ಆ ಪದವಿಯಿಂದ ನಿವೃತ್ತರಾದ ಏಳು ವರ್ಷಕ್ಕೆ ‘ಮಲೆಗಳಲ್ಲಿ ಮದುಮಗಳು’ ಬಂತು. ಇಷ್ಟೆಲ್ಲ ಆದರೂ ಕಾದಂಬರಿಕಾರನ ಮನಸ್ಸು ಉದಯರವಿಯ ಕಿಟಕಿಯಿಂದ ನೋಡುತ್ತಿದ್ದುದು ತೀರ್ಥಹಳ್ಳಿಯ ಕಾಡನ್ನೇ. ಆ ಕೃತಿಯಲ್ಲಿ ಕೇಂದ್ರಕ್ಕೆ ಬಂದವರು ದೊಡ್ಡಮನೆಯ ಯಜಮಾನರಲ್ಲ. ಅವರ ಹಿತ್ತಿಲ ಆಚೆಗಿನ ಬಿಡಾರಗಳ ಆಳುಗಳು.

1994ರ ನವೆಂಬರ್ 11ರಂದು ಮೈಸೂರಿನಲ್ಲಿ ಅವರು ತೀರಿಕೊಂಡರು. ಅಂತ್ಯಸಂಸ್ಕಾರ ನಡೆದದ್ದು ಕುಪ್ಪಳಿಯ ಕವಿಶೈಲದ ಮೇಲೆ. ಈಗ ಅಲ್ಲಿ ಎದ್ದು ನಿಂತಿರುವ ಶಿಲಾತೋರಣಗಳು ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ಕಲ್ಪನೆ. ಅದೇ ಬಂಡೆಯ ಮೇಲೆ ಗುರುಗಳಾದ ಬಿ.ಎಂ.ಶ್ರೀ ಮತ್ತು ಟಿ.ಎಸ್. ವೆಂಕಣ್ಣಯ್ಯನವರ ಹೆಸರುಗಳ ಜೊತೆಗೆ ಕುವೆಂಪು ಅವರ ಹೆಸರನ್ನೂ ಕೊರೆದಿರುವುದನ್ನು ಇಂದೂ ನೋಡಬಹುದು. ತೋರಣಕ್ಕಿಂತ ಆ ಗೀರುಗಳ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ.

ಕವಿಯ ಕಥೆ ಅಲ್ಲಿಗೆ ಮುಗಿಯಬಹುದು, ಮನೆಯ ಕಥೆ ಮುಗಿಯುವುದಿಲ್ಲ. ಮಕ್ಕಳು ಬೇರೆ ಬೇರೆ ಕಡೆ ನೆಲೆಸಿದರು. ತೇಜಸ್ವಿಯವರು ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ಅಲ್ಲಿಯೇ 2007ರಲ್ಲಿ ತೀರಿಕೊಂಡರು. ಶಿಥಿಲವಾಗಿದ್ದ ಹಳೆಯ ಮನೆಯನ್ನು ಎತ್ತಿ ನಿಲ್ಲಿಸಿದ್ದು 1992ರಲ್ಲಿ ಸ್ಥಾಪನೆಯಾದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ. ಅದು ಒಬ್ಬರ ಸ್ವತ್ತಲ್ಲ, ಸರ್ಕಾರದ ಕಚೇರಿಯೂ ಅಲ್ಲ; ಸರ್ಕಾರದ ಅನುದಾನ ಬರುತ್ತದೆ, ಆದರೆ ಹೊಣೆ ವಿಶ್ವಸ್ತ ಮಂಡಳಿಯದು. ಇದನ್ನು ನಾನು ಒಳ್ಳೆಯ ಏರ್ಪಾಡೆಂದು ಭಾವಿಸುತ್ತೇನೆ. ಮನೆತನದ ಕೈಯಲ್ಲೇ ಉಳಿದ ಮನೆ ಪಾಲಿನ ದಿನ ಒಡೆಯುತ್ತದೆ. ಇಲಾಖೆಯ ಕೈಗೆ ಹೋದ ಮನೆಗೆ ಮಳೆಗಾಲ ಕಳೆದ ಮೇಲೆ ದುರಸ್ತಿಯ ಮಂಜೂರಾತಿ ಬರುತ್ತದೆ. ಮೈಸೂರಿನಲ್ಲಿ ಆರ್.ಕೆ. ನಾರಾಯಣರ ಮನೆಯನ್ನು 2011ರಲ್ಲಿ ಕೆಡವಲು ತೊಡಗಿದ ಮೇಲೆಯೇ ಜನ ಎಚ್ಚೆತ್ತದ್ದು. ನಗರಪಾಲಿಕೆ ಅದನ್ನು ಕೊಂಡು ಸಂಗ್ರಹಾಲಯವಾಗಿ ತೆರೆಯುವ ಹೊತ್ತಿಗೆ 2016 ಆಯಿತು.

ಕುಪ್ಪಳಿಯ ಕವಿಮನೆಯಲ್ಲಿ ಕವಿಯ ಪುಸ್ತಕಗಳು, ಚಿತ್ರಗಳು, ಬಳಸಿದ ವಸ್ತುಗಳು ಇವೆ. ಅವುಗಳಿಗಿಂತ ಹೆಚ್ಚಾಗಿ ಹಳೆಯ ಮಲೆನಾಡಿನ ಬದುಕಿನ ಪಾತ್ರೆಪಡಗ, ಅಳತೆಯ ಮಾನಗಳು, ಬೇಸಾಯದ ಸಲಕರಣೆಗಳು ಇವೆ. ಪಕ್ಕದಲ್ಲಿ ‘ಹೇಮಾಂಗಣ’ವೆಂಬ ಸಭಾಂಗಣವಿದೆ. ಅಲ್ಲಿ ಸಾಹಿತ್ಯದ ಸಭೆಗಳು ಮಾತ್ರವಲ್ಲ, ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಕ್ರಮದಲ್ಲಿ, ಪುರೋಹಿತರೂ ವರದಕ್ಷಿಣೆಯೂ ಇಲ್ಲದೆ, ಸರಳ ಮದುವೆಗಳೂ ನಡೆಯುತ್ತವೆ. ಇದು ನನಗೆ ಇಡಿಯ ಸಂಗ್ರಹದಷ್ಟೇ ಬೆಲೆಯುಳ್ಳದ್ದೆಂದು ತೋರುತ್ತದೆ. ಗಾಜಿನ ಪೆಟ್ಟಿಗೆಯ ಮುಂದೆ ಐದು ನಿಮಿಷ ನಿಂತುಹೋಗುವವನಿಗೆ ಮನೆಯೊಡನೆ ಯಾವ ಸಂಬಂಧವೂ ಇಲ್ಲ. ಅಲ್ಲಿ ಮದುವೆಯಾದವರು ತಮ್ಮ ಮಕ್ಕಳನ್ನು ಕರೆದುಕೊಂಡು ಮರಳಿ ಬರುತ್ತಾರೆ.

ಕಷ್ಟಗಳೂ ಇವೆ. 2015ರ ನವೆಂಬರ್‌ನಲ್ಲಿ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದರು. ನಾಡೆಲ್ಲ ಆ ಪದಕಗಳಿಗಾಗಿ ಮರುಗಿತು. ಆದರೆ ಇಂಥ ಮನೆಗಳಿಗೆ ಅದಕ್ಕಿಂತ ದೊಡ್ಡ ಕಳ್ಳ ಗೆದ್ದಲು. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಹಿಂದೆ ಅಡುಗೆಮನೆಯ ಒಲೆಯೂ ಬಚ್ಚಲೊಲೆಯೂ ಹಗಲೆಲ್ಲ ಉರಿದು, ಆ ಹೊಗೆ ಅಟ್ಟಕ್ಕೆ ಏರಿ, ತೊಲೆ ಪಕಾಸುಗಳನ್ನು ಒಣಗಿಸಿ ಕಪ್ಪಾಗಿಸಿ ಹುಳುವಿನಿಂದ ಕಾಯುತ್ತಿತ್ತು. ಸಂಗ್ರಹಾಲಯವಾದ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಉರಿಯದ ಒಲೆಯ ಕೆಲಸವನ್ನು ಬೇರೆ ಯಾರಾದರೂ ಮಾಡಬೇಕು: ಎಣ್ಣೆ ಹಚ್ಚಬೇಕು, ಕಿಟಕಿ ತೆರೆದು ಗಾಳಿಯಾಡಿಸಬೇಕು, ಮುಂಗಾರಿಗೆ ಮುನ್ನ ಹಂಚು ಕೈಯಾಡಿಸಬೇಕು. ಉದ್ಘಾಟನೆಗೆ ಬಂದ ಮಂತ್ರಿಗಳು ಈ ಕೆಲಸಕ್ಕೆ ಬರುವುದಿಲ್ಲ.

ಹೊರನಾಡುಗಳಲ್ಲಿಯೂ ಈ ಕೆಲಸ ಜನರ ಕೈಯಿಂದಲೇ ನಡೆದದ್ದುಂಟು. ಅಮೆರಿಕದ ಜಾರ್ಜ್ ವಾಷಿಂಗ್ಟನ್ನರ ಮೌಂಟ್ ವರ್ನನ್ ಮನೆ ಬೀಳುವ ಸ್ಥಿತಿಗೆ ಬಂದಾಗ ಆನ್ ಪಮೇಲಾ ಕನ್ನಿಂಗ್‌ಹ್ಯಾಮ್ ಎಂಬ ಹೆಣ್ಣುಮಗಳು 1853ರಲ್ಲಿ ಮಹಿಳೆಯರ ಸಂಘವೊಂದನ್ನು ಕಟ್ಟಿ, ಚಂದಾ ಎತ್ತಿ, 1858ರಲ್ಲಿ 2 ಲಕ್ಷ ಡಾಲರಿಗೆ ಅದನ್ನು ಕೊಳ್ಳುವ ಕರಾರು ಮಾಡಿಕೊಂಡಳು. ಇಂದಿಗೂ ಆ ಸಂಘವೇ ಅದನ್ನು ನಡೆಸುತ್ತಿದೆ. ಕುವೆಂಪು ಅವರಿಗೆ ಪ್ರಿಯನಾದ ವರ್ಡ್ಸ್‌ವರ್ತ್ ಕವಿಯ ಡವ್ ಕಾಟೇಜನ್ನು ಒಂದು ವಿಶ್ವಸ್ತ ಮಂಡಳಿ 1890ರಲ್ಲಿ ಕೊಂಡು ಮರುವರ್ಷ ಜನಕ್ಕೆ ತೆರೆಯಿತು. ಮೌಂಟ್ ವರ್ನನ್‌ನಿಂದ ನಾವು ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. 1799ರಲ್ಲಿ ವಾಷಿಂಗ್ಟನ್ ತೀರಿಕೊಂಡಾಗ ಆ ಜಮೀನಿನಲ್ಲಿ 317 ಮಂದಿ ಗುಲಾಮರಿದ್ದರು. ಮನೆ ನೋಡಲು ಬಂದವರಿಗೆ ಅವರ ಕಥೆಯನ್ನು ಸರಿಯಾಗಿ ಹೇಳುವುದಕ್ಕೆ ನೂರು ವರ್ಷಕ್ಕೂ ಮೀರಿ ಹಿಡಿಯಿತು. ದೊಡ್ಡಮನೆಯ ಸಂಗ್ರಹಾಲಯಗಳಿಗೆ ಯಜಮಾನನ ನೆನಪು ಮಾತ್ರ ಗಟ್ಟಿ. ನಮ್ಮಲ್ಲಿ ಕುವೆಂಪು ಅವರೇ ಜೀತದಾಳುಗಳ ಕಥೆಯನ್ನು ಬರೆದಿಟ್ಟುಹೋಗಿದ್ದಾರೆ; ಅವರ ಕಾದಂಬರಿಗಳನ್ನು ಓದಿದವರು ಕುಪ್ಪಳಿಯ ಜಗಲಿಯ ಮೇಲೆ ನಿಂತಾಗ, ಜಗಲಿ ಹತ್ತದೆ ಅಂಗಳದಲ್ಲಿಯೇ ನಿಂತವರನ್ನೂ ಕಾಣಬೇಕು.

ಇದೆಲ್ಲ ನನಗೆ ದೂರದ ವಿಚಾರವಲ್ಲ. ನಮ್ಮ ಬೇಗಾರಿನ ಸುತ್ತ ಹಳೆಯ ತೊಟ್ಟಿಮನೆಗಳನ್ನು ಬಿಚ್ಚಿ ಮಾರುವುದು ಈಗ ವಾಡಿಕೆಯಾಗಿದೆ. ಮುಂಡಿಗೆ, ಬಾಗಿಲವಾಡ, ಕೆತ್ತನೆಯ ಹಲಗೆಗಳು ಲಾರಿಯೇರಿ ರೆಸಾರ್ಟುಗಳಿಗೆ ಹೋಗುತ್ತವೆ. ಮಾರುವವರನ್ನು ಬಯ್ಯುವುದು ಸುಲಭ. ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದು, ಎಂಬತ್ತು ದಾಟಿದ ಅಮ್ಮನೊಬ್ಬರೇ ಹದಿನೆಂಟು ಕೋಣೆಯ ಮನೆಯನ್ನು ಗುಡಿಸಬೇಕಾದ ಸ್ಥಿತಿಯಲ್ಲಿ ಯಾರು ಏನು ಮಾಡಿಯಾರು? ಅಂಥದೇ ಒಂದು ಮನೆಯವರು ಕಳೆದ ದೀಪಾವಳಿಯಲ್ಲಿ ನನ್ನನ್ನು ಕರೆಸಿ, ಮನೆಯನ್ನು ಊರಿಗೇ ಬಿಟ್ಟುಕೊಡುತ್ತೇವೆ, ಕುಪ್ಪಳಿಯಂತೆ ಮಾಡಲಾಗುತ್ತದೆಯೇ ಎಂದು ಕೇಳಿದರು. ಅವರ ಮನೆಯಲ್ಲಿ ಕವಿ ಹುಟ್ಟಿಲ್ಲ. ರಾಷ್ಟ್ರಕವಿಯ ಹೆಸರಿಗೆ ಬರುವ ಅನುದಾನ ಅಲ್ಲಿಗೆ ಬಾರದು. ಸಂಘವನ್ನು 1960ರ ಕಾಯಿದೆಯಂತೆ ನೋಂದಾಯಿಸಬಹುದು, ಅದು ಒಂದು ದಿನದ ಓಡಾಟ. ದಾನಪತ್ರ ಬರೆಸಬಹುದು. ಆಮೇಲೆ ಪ್ರತಿ ವರ್ಷ ಬರುವ ಖರ್ಚನ್ನು ಯಾರು ಹೊರಬೇಕು ಎಂಬುದೇ ಪ್ರಶ್ನೆ. ಮನೆಯನ್ನು ಬರಿಯ ನೋಟಕ್ಕೆ ಇಡುವುದಾದರೆ ಬೇಡವೆಂದು ನಾನು ಸ್ಪಷ್ಟವಾಗಿ ಹೇಳಿದೆ. ಜಗಲಿಯಲ್ಲಿ ಮಕ್ಕಳ ಪಾಠ, ತೊಟ್ಟಿಯಲ್ಲಿ ಮದುವೆ, ಉಪ್ಪರಿಗೆಯಲ್ಲಿ ಪುಸ್ತಕ ಇರಲಿ. ವಾರಕ್ಕೊಮ್ಮೆಯಾದರೂ ಹಿಂದಿನ ಒಲೆ ಉರಿಯಲಿ, ಬಂದವರಿಗೆ ಗಂಜಿ ಬೇಯಲಿ ಎಂದೆ. ಅಮ್ಮ ಅದಕ್ಕೆ ಮಾತ್ರ ತಲೆಯಾಡಿಸಿದರು. ಸೌದೆ ತಾವು ಕೊಡುತ್ತೇವೆಂದರು.

ಸಂಘಕ್ಕೆ ಇನ್ನೂ ಹೆಸರು ಗೊತ್ತಾಗಿಲ್ಲ. ಆ ವಿಷಯದಲ್ಲಿ ಎರಡು ಸಭೆಗಳು ಜಗಳದಲ್ಲಿ ಮುಗಿದವು. ಆದರೆ ಈ ಬೇಸಗೆಯಲ್ಲಿ ಹಂಚು ಕೈಯಾಡಿಸಲು ಊರಿನ ಹನ್ನೆರಡು ಮಂದಿ ಹೆಸರು ಕೊಟ್ಟಿದ್ದಾರೆ. ಅವರಲ್ಲಿ ನಾಲ್ವರು, ಅಜ್ಜಂದಿರ ಕಾಲದಲ್ಲಿ ಆ ಮನೆಯ ಜಗಲಿ ಹತ್ತದೆ ಅಂಗಳದಲ್ಲಿ ನಿಲ್ಲುತ್ತಿದ್ದ ಕುಟುಂಬಗಳವರು. ಏಣಿಗಳನ್ನು ಒದಗಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.